ಪಾಪರ್ ಅರ್ಜಿ ಹಾಕಿದರೆ ನ್ಯೂಜೆರ್ಸಿಯ ಮನೆ ಉಳಿಯುತ್ತಾ?

ಓದುಗರ ಪ್ರಶ್ನೆ: ನನಗೆ 71 ವರ್ಷ, ನನ್ನ ಹೆಂಡತಿಗೆ 68. ನ್ಯೂಜೆರ್ಸಿಯಲ್ಲಿದ್ದೇವೆ, ಇಬ್ಬರೂ ರಿಟೈರ್ಡ್. ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ) ಇಬ್ಬರದೂ ಸೇರಿ ತಿಂಗಳಿಗೆ 4,100 ಡಾಲರ್. ಐಆರ್‌ಎಯಲ್ಲಿ (ನಿವೃತ್ತಿ ಉಳಿತಾಯ ಖಾತೆ) 1,40,000 ಇದೆ, ಅದರಿಂದ ತಿಂಗಳಿಗೆ 1,200 ತೆಗೆಯುತ್ತೇವೆ. ಮನೆ 5,20,000 ಬಾಳಬಹುದು, ಅದರ ಮೇಲೆ 4,10,000 ಸಾಲ ಇದೆ. 2021ರಲ್ಲಿ ರೀಫೈನಾನ್ಸ್ ಮಾಡಿ ಮಗನ ವ್ಯವಹಾರಕ್ಕೆ ಸ್ವಲ್ಪ ಹಣ ಕೊಟ್ಟಿದ್ದೆವು. ಮನೆ ಕಂತು ತೆರಿಗೆ, ವಿಮೆ ಸೇರಿ 3,300. ಒಂದು ತಿಂಗಳೂ ತಪ್ಪಿಸಿಲ್ಲ. ಕ್ರೆಡಿಟ್ ಕಾರ್ಡ್ ಸಾಲ 61,000, ಆಸ್ಪತ್ರೆ ಬಿಲ್ 9,000. ಇನ್ನು ತಡೆಯಲು ಆಗುತ್ತಿಲ್ಲ. ಮಗ, "ಮನೆ ನನ್ನ ಹೆಸರಿಗೆ ಬರೆದುಬಿಡಿ, ಆಮೇಲೆ ಬ್ಯಾಂಕ್‌ರಪ್ಸಿ ಹಾಕಿ" ಎನ್ನುತ್ತಾನೆ. ಬ್ಯಾಂಕಿನವರು ಮನೆ ಮೇಲೆ ಇನ್ನೊಂದು ಸಾಲ ಕೊಟ್ಟು ಕಾರ್ಡೆಲ್ಲ ತೀರಿಸುತ್ತೇವೆ ಎನ್ನುತ್ತಾರೆ. ಹಾಸನದ ಹತ್ತಿರ ನನ್ನ ಹೆಸರಲ್ಲಿ ಒಂದು ಸೈಟಿದೆ, 38 ಲಕ್ಷ ಬಾಳುತ್ತದಂತೆ. ಅದು ಇಂಡಿಯಾದಲ್ಲಿರುವುದರಿಂದ ಲೆಕ್ಕಕ್ಕೆ ಬರಲ್ಲ ಅಲ್ವಾ? ಈ ವಯಸ್ಸಲ್ಲಿ ಪಾಪರ್ ಆದರೆ ಮನೆ ಹೋಗುತ್ತಾ?

ಉತ್ತರ: ಮೊದಲು ಎರಡು ಕೆಲಸ ನಿಲ್ಲಿಸಿ. ಮಗನ ಹೆಸರಿಗೆ ಮನೆ ಬರೆಯಬೇಡಿ. ಬ್ಯಾಂಕಿನವರು ಹೇಳುವ ಹೋಮ್ ಈಕ್ವಿಟಿ ಸಾಲದ (ಮನೆ ಅಡ ಇಟ್ಟು ಕೊಡುವ ಎರಡನೇ ಸಾಲ) ಕಾಗದಕ್ಕೆ ಸಹಿ ಹಾಕಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು. ಇವೆರಡನ್ನು ಒಮ್ಮೆ ಮಾಡಿದರೆ ವಾಪಸ್ ಬರುವುದು ಕಷ್ಟ.

ದಿವಾಳಿ ಅರ್ಜಿಯಿಂದ ಮನೆ ಕಳೆದುಕೊಳ್ಳುವ ಹಿರಿಯರಿಗಿಂತ, ಅರ್ಜಿಗೆ ಮುಂಚಿನ ಒಂದೆರಡು ವರ್ಷದಲ್ಲಿ ಗಾಬರಿಯಿಂದ ಮಾಡಿದ ಕೆಲಸಗಳಿಂದ ಪೇಚಿಗೆ ಸಿಕ್ಕುವವರು ಜಾಸ್ತಿ. ಹಾಗಾಗಿ ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ತರಿಸಿದ್ದು 61,000 ಅಲ್ಲ. ಮಗನ ಸಲಹೆ.

ಯಾಕೆ ಅಂತ ಹೇಳುತ್ತೇನೆ. ಮನೆಯನ್ನು ಸುಮ್ನೆ, ಅಥವಾ ಒಂದು ಡಾಲರಿಗೆ, ಮಗನಿಗೆ ಬರೆದುಕೊಟ್ಟು ಅರ್ಜಿ ಹಾಕುತ್ತೀರಿ ಅಂತಿಟ್ಟುಕೊಳ್ಳಿ. ನಿಮ್ಮ ದಿವಾಳಿ ಪ್ರಕರಣ ನೋಡಿಕೊಳ್ಳಲು ನೇಮಕವಾಗುವ ಟ್ರಸ್ಟಿ ಫೆಡರಲ್ ಕಾನೂನಿನ ಪ್ರಕಾರ ಹಿಂದಿನ 2 ವರ್ಷದ ವರ್ಗಾವಣೆಗಳನ್ನು ಕೆದಕಬಹುದು. ನ್ಯೂಜೆರ್ಸಿಯ ಕಾನೂನು ಹಿಡಿದು ಹೋದರೆ 4 ವರ್ಷ. ಆ ವರ್ಗಾವಣೆ ರದ್ದಾಗುತ್ತದೆ, ಮನೆ ಟ್ರಸ್ಟಿಯ ಕೈಗೆ ಬರುತ್ತದೆ. ನಿಮ್ಮ ಹೆಸರಲ್ಲೇ ಬಿಟ್ಟಿದ್ದರೆ ಮನೆಗೆ ಸಿಗುತ್ತಿದ್ದ ವಿನಾಯಿತಿ, ಅಂದರೆ ಸಾಲ ಕೊಟ್ಟವರು ಮುಟ್ಟಲಾಗದ ಮೊತ್ತ, ಇದೆಯಲ್ಲ, ನೀವಾಗಿಯೇ ಬರೆದುಕೊಟ್ಟು ಆಮೇಲೆ ಟ್ರಸ್ಟಿ ಹಿಂದಕ್ಕೆ ತಂದ ಮನೆಗೆ ಅದೂ ಸಿಗುವುದಿಲ್ಲ. ಇನ್ನು ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ಸಾಲ ಕೊಟ್ಟವರಿಗೆ ಕೈ ಕೊಡಲೆಂದೇ ಬರೆದದ್ದು ಅಂತ ಕೋರ್ಟಿಗೆ ಅನ್ನಿಸಿದರೆ ಸಾಲ ಮನ್ನಾವೇ ಸಿಗುವುದಿಲ್ಲ. ಮನೆಯೂ ಹೋಯಿತು, ಸಾಲವೂ ಉಳಿಯಿತು. ಮಗ ಪ್ರೀತಿಯಿಂದಲೇ ಹೇಳಿರುತ್ತಾನೆ, ಅದರಲ್ಲಿ ಅನುಮಾನವಿಲ್ಲ.

ಬ್ಯಾಂಕಿನ ಮಾತಿಗೂ ಇದೇ ಥರದ ಉತ್ತರ. ಕಾರ್ಡ್ ಸಾಲಕ್ಕೆ ಈಗ ಯಾವ ಅಡವೂ ಇಲ್ಲ. ದಿವಾಳಿಯಲ್ಲಿ ಸುಲಭವಾಗಿ ಅಳಿಸಿಹೋಗುವ ಸಾಲ ಅದು. ಅದನ್ನೇ ತೀರಿಸಲು ಮನೆ ಅಡ ಇಟ್ಟರೆ, ಅಳಿಸಬಹುದಾದ ಸಾಲವನ್ನು ಅಳಿಸಲಾಗದ ಸಾಲ ಮಾಡಿಕೊಂಡಂತೆ. ಬಡ್ಡಿ ಕಮ್ಮಿ ಅನ್ನುವುದು ನಿಜ. ಆದರೆ ಕಂತು ತಪ್ಪಿದರೆ ಕಾರ್ಡಿನವರು ಫೋನ್ ಮಾಡುತ್ತಾರೆ, ಮನೆ ಸಾಲದವರು ಮನೆ ಹರಾಜಿಗೆ ಇಡುತ್ತಾರೆ. ರಿವರ್ಸ್ ಮಾರ್ಟ್‌ಗೇಜ್ (ತಿಂಗಳ ಕಂತಿಲ್ಲದೆ ಮನೆ ಮೇಲೆ ಪಡೆಯುವ ಸಾಲ) ಬಗ್ಗೆಯೂ ಯಾರಾದರೂ ಹೇಳಬಹುದು. 62 ದಾಟಿದವರಿಗೆ ಅದು ಸಿಗುತ್ತದೆ, ಆದರೆ ಬಂದ ಹಣದಲ್ಲಿ ಮೊದಲು ಹಳೇ ಮನೆ ಸಾಲ ತೀರಿಸಬೇಕು. ನಿಮ್ಮ ಸಾಲ ಮನೆ ಬೆಲೆಯ ಸುಮಾರು 79 ಪರ್ಸೆಂಟ್. ನಿಮ್ಮ ವಯಸ್ಸಿಗೆ ಸಿಗುವ ಮೊತ್ತ ಅದಕ್ಕಿಂತ ಎಷ್ಟೋ ಕಮ್ಮಿ. ಆ ದಾರಿ ನಿಮಗಿಲ್ಲ.

ಈಗ ಮನೆಯ ಲೆಕ್ಕಕ್ಕೆ ಬರೋಣ. ಅರ್ಜಿಯಲ್ಲಿ ನಿಮಗೆ ಸಂಬಂಧಪಟ್ಟವು ಎರಡು ಬಗೆ. ಚಾಪ್ಟರ್ 7ರಲ್ಲಿ ವಿನಾಯಿತಿ ಮೀರಿದ ಆಸ್ತಿಯನ್ನು ಟ್ರಸ್ಟಿ ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ, ಮಿಕ್ಕ ಸಾಲ ಮನ್ನಾ. ಎಲ್ಲ ಸರಿಯಿದ್ದರೆ ನಾಲ್ಕೈದು ತಿಂಗಳ ಕೆಲಸ. ಚಾಪ್ಟರ್ 13ರಲ್ಲಿ ಆಸ್ತಿ ನಿಮ್ಮ ಹತ್ತಿರವೇ ಇರುತ್ತದೆ, 3ರಿಂದ 5 ವರ್ಷ ತಿಂಗಳು ತಿಂಗಳು ಇಷ್ಟಿಷ್ಟು ಕಟ್ಟುತ್ತೀರಿ. ಯಾವುದರಲ್ಲೂ ಮನೆ ಸಾಲದ ಕಂತು ಮಾಫಿ ಆಗುವುದಿಲ್ಲ. ಅದನ್ನು ಕಟ್ಟುತ್ತಲೇ ಇರಬೇಕು.

ಮನೆಗೆ ಎಷ್ಟು ವಿನಾಯಿತಿ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್, ಫ್ಲೋರಿಡಾದಲ್ಲಿ ಜಾಗದ ಅಳತೆಗೆ ಮಿತಿ ಇದೆ, ಬೆಲೆಗೆ ಇಲ್ಲ. ಅಲ್ಲಿನ ಸ್ನೇಹಿತರು "ನಮ್ಮ ಮನೆ ಮುಟ್ಟಲೇ ಇಲ್ಲ" ಅಂದರೆ ಅದನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ. ಈಗ ಅಲ್ಲಿಗೆ ಹೋಗಿ ಮನೆ ಕೊಂಡರೂ ಪ್ರಯೋಜನವಿಲ್ಲ. ಕೊಂಡು ಸುಮಾರು 3 ವರ್ಷ 4 ತಿಂಗಳು ಆಗುವ ತನಕ 2,14,000 ಡಾಲರಿನ ಮಿತಿ ಇದೆ. ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಫೆಡರಲ್ ವಿನಾಯಿತಿಯನ್ನೇ ಹಿಡಿಯುತ್ತಾರೆ. 2025ರ ಏಪ್ರಿಲ್ 1ರಿಂದ ಅದು ಮನೆಗೆ ಒಬ್ಬರಿಗೆ 31,575. ಗಂಡ ಹೆಂಡತಿ ಜೊತೆಯಾಗಿ ಅರ್ಜಿ ಹಾಕಿದರೆ 63,150.

ನಿಮ್ಮ ಮನೆ 5,20,000ಕ್ಕೆ ಮಾರಾಟವಾಯಿತು ಅನ್ನಿ. ದಲ್ಲಾಳಿ, ಕಾಗದಪತ್ರ ಎಲ್ಲ ಸೇರಿ 7 ಪರ್ಸೆಂಟ್ ಖರ್ಚು ಹಿಡಿದರೆ 36,400. ಮನೆ ಸಾಲ 4,10,000. ಉಳಿಯುವುದು 73,600. ಅದರಲ್ಲಿ 63,150 ನಿಮ್ಮದು. ಟ್ರಸ್ಟಿಗೆ ಸಿಗುವುದು 10,450. ಟ್ರಸ್ಟಿಯ ಕಮಿಷನ್ ಅವರು ಹಂಚಿದ ಒಟ್ಟು ಹಣದ ಮೇಲೆ, ಅಂದರೆ ಮನೆ ಸಾಲ ತೀರಿಸಿದ ಹಣವೂ ಅದರಲ್ಲಿ ಸೇರುತ್ತದೆ. ಅದೇ 25,000 ದಾಟಬಹುದು. ಸಾಲ ಕೊಟ್ಟವರಿಗೆ ಒಂದು ಸೆಂಟೂ ಸಿಗದ ಮನೆಯನ್ನು ಟ್ರಸ್ಟಿ ಮಾರಲು ಹೋಗುವುದಿಲ್ಲ.

ಅದೇ ಮನೆ 5,60,000 ಬಾಳಿದರೆ? ಖರ್ಚು 39,200. ಸಾಲ ಕಳೆದು ಉಳಿಯುವುದು 1,10,800. ನಿಮ್ಮ ಪಾಲು ತೆಗೆದರೆ 47,650. ಕಮಿಷನ್ ಹೋದ ಮೇಲೂ 20,000ದ ಹತ್ತಿರ ಮಿಗುತ್ತದೆ. ಆಗ ಟ್ರಸ್ಟಿಗೆ ಮಾರುವ ಮನಸ್ಸು ಬರಬಹುದು, ಅಥವಾ "ಆ ಹಣ ಕೊಟ್ಟು ಮನೆ ಉಳಿಸಿಕೊಳ್ಳಿ" ಅನ್ನಬಹುದು. ನೋಡಿ, ಬರೀ 40,000ದ ವ್ಯತ್ಯಾಸಕ್ಕೆ ಕಥೆ ಹೇಗೆ ಬದಲಾಯಿತು. ನೀವು "5,20,000 ಬಾಳಬಹುದು" ಎಂದು ಬರೆದಿದ್ದೀರಿ. ಆ "ಬಹುದು" ಎಲ್ಲಿಂದ ಬಂತು? ಇಂಟರ್‌ನೆಟ್ ತೋರಿಸಿದ ಬೆಲೆ ಆಗಿದ್ದರೆ ನಂಬಬೇಡಿ, ಮೇಲೆ ಕೆಳಗೆ ಎರಡು ಕಡೆಗೂ ತಪ್ಪಿರಬಹುದು. ಲೈಸೆನ್ಸ್ ಇರುವ ಅಪ್ರೈಸರ್ ಕೈಲಿ ಬೆಲೆ ಕಟ್ಟಿಸಿ. ಹಳೇ ಛಾವಣಿ, ಸೋರುವ ಬೇಸ್‌ಮೆಂಟ್, ಬದಲಿಸದ ಅಡುಗೆಮನೆ ಎಲ್ಲ ಅವರ ಕಣ್ಣಿಗೆ ಬೀಳಲಿ. ಜೀವನದಲ್ಲಿ ಮನೆ ಬೆಲೆ ಕಮ್ಮಿ ಬಂದರೆ ಖುಷಿಪಡುವ ಸಂದರ್ಭ ಇದೊಂದೇ. ಒಂದು ಎಚ್ಚರಿಕೆ: ಚಾಪ್ಟರ್ 7 ಅರ್ಜಿ ಹಾಕಿದ ಮೇಲೆ "ಬೇಡ, ವಾಪಸ್ ತಗೋತೀನಿ" ಅನ್ನುವ ಹಾಗಿಲ್ಲ. ಕೋರ್ಟು ಒಪ್ಪಬೇಕು. ಚಾಪ್ಟರ್ 13ರಲ್ಲಿ ಆ ಸ್ವಾತಂತ್ರ್ಯ ನಿಮಗಿರುತ್ತದೆ.

ಇನ್ನೊಂದು ವಿಷಯ, ಕಾರ್ಡುಗಳು ಯಾರ ಹೆಸರಲ್ಲಿವೆ? ಗಂಡ ಹೆಂಡತಿ ಜೊತೆಯಾಗಿ ಹೊಂದಿರುವ ಮನೆಗೆ ಒಬ್ಬರಿಗೆ ಮಾತ್ರ ಸಾಲ ಕೊಟ್ಟವರು ಕೈ ಹಾಕದಂತೆ ನ್ಯೂಜೆರ್ಸಿಯಲ್ಲಿ ಒಂದಷ್ಟು ತಡೆ ಇದೆ. ಎಲ್ಲ ಸಾಲವೂ ನಿಮ್ಮೊಬ್ಬರದೇ ಆಗಿದ್ದರೆ ನಿಮ್ಮ ಮನೆಯವರನ್ನು ಅರ್ಜಿಗೆ ಸೇರಿಸಬೇಕಾ ಬೇಡವಾ ಅನ್ನುವುದೇ ದೊಡ್ಡ ಪ್ರಶ್ನೆ. ಇದನ್ನು ವಕೀಲರು ನಿಮ್ಮ ಮನೆಯ ಕ್ರಯಪತ್ರ (ಡೀಡ್) ನೋಡಿಯೇ ಹೇಳಬೇಕು.

ಇನ್ನು ಹಾಸನದ ಸೈಟು. "ಲೆಕ್ಕಕ್ಕೆ ಬರಲ್ಲ ಅಲ್ವಾ" ಅಂತ ಕೇಳಿದ್ದೀರಿ. ಬರುತ್ತದೆ. ಆಸ್ತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅರ್ಜಿಯಲ್ಲಿ ಬರೆಯಲೇಬೇಕು, ಕಾನೂನಿನ ಮಾತೇ ಹಾಗಿದೆ. ಅರ್ಜಿ ಹಾಕಿದ 3ರಿಂದ 6 ವಾರದಲ್ಲಿ ಟ್ರಸ್ಟಿ ನಿಮ್ಮನ್ನು ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ, ಈಗ ಹೆಚ್ಚಾಗಿ ವಿಡಿಯೋದಲ್ಲಿ. ನಮ್ಮ ಕಡೆಯ ಹೆಸರು ಕಂಡರೆ "ಬೇರೆ ದೇಶದಲ್ಲಿ ಆಸ್ತಿ ಇದೆಯಾ" ಅನ್ನುವ ಪ್ರಶ್ನೆ ಬಂದೇ ಬರುತ್ತದೆ ಅಂತಿಟ್ಟುಕೊಳ್ಳಿ. ಆಸ್ತಿ ಮುಚ್ಚಿಡುವುದು ಕ್ರಿಮಿನಲ್ ಅಪರಾಧ, 5 ವರ್ಷದ ತನಕ ಜೈಲು ಆಗಬಹುದು. ಊರಲ್ಲಿರುವ ಎನ್‌ಆರ್‌ಇ, ಎನ್‌ಆರ್‌ಓ (ಅನಿವಾಸಿಗಳ ಬ್ಯಾಂಕ್ ಖಾತೆ) ಡಿಪಾಸಿಟ್‌ಗಳೂ ಅಷ್ಟೇ. ಮಗನಿಗೆ ಕೊಟ್ಟ ಹಣ ಸಾಲವಾಗಿ ಕೊಟ್ಟದ್ದಾದರೆ, ಅವನಿಂದ ಬರಬೇಕಾದದ್ದೂ ನಿಮ್ಮ ಆಸ್ತಿಯೇ. ಬಂಗಾರಕ್ಕೆ ವಿನಾಯಿತಿ ಒಬ್ಬರಿಗೆ 2,125 ಡಾಲರ್ ಮಾತ್ರ. ಯಾವುದಕ್ಕೆ ಬೇಕಾದರೂ ಹಾಕಿಕೊಳ್ಳಬಹುದಾದ ಇನ್ನೊಂದು 1,675 ಇದೆ. ಈಗಿನ ಬಂಗಾರದ ಬೆಲೆಗೆ ಇವೆರಡೂ ಸೇರಿ ಎಷ್ಟು ಬಳೆಗೆ ಬಂದಾವು, ನೀವೇ ಲೆಕ್ಕ ಹಾಕಿ.

ನಿಮ್ಮ ಮನೆಯವರ ಕಡೆಯದೂ ಸ್ವಲ್ಪ ನೋಡಬೇಕು. "ತವರಿನ ಆಸ್ತೀಲಿ ನನಗೇನೂ ಇಲ್ಲ" ಅಂತ ಅವರು ಹೇಳಬಹುದು. ನಮ್ಮ ಹೆಣ್ಣುಮಕ್ಕಳು ಸಾಮಾನ್ಯವಾಗಿ ಹೇಳುವುದೇ ಹಾಗೆ. ಆದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಭಾಗ ಆಗಿಲ್ಲ ಅಂದರೆ ಪಾಲು ಇರಬಹುದು, ಅದನ್ನು ಬರೆಯಬೇಕು. ಕಳೆದ ಸಲ ಊರಿಗೆ ಹೋದಾಗ ಅಣ್ಣತಮ್ಮಂದಿರು ಕೇಳಿದರು ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಿದ್ದಾರಾ? ಅದೂ ಒಂದು ವರ್ಗಾವಣೆಯೇ, ಮಗನಿಗೆ ಮನೆ ಬರೆದಂತೆಯೇ ಅದನ್ನೂ ಪ್ರಶ್ನಿಸಬಹುದು. ವಕೀಲರ ಮುಂದೆ ಇದನ್ನು ಮರೆಯದೆ ಹೇಳಿ. ಅಮೆರಿಕದ ವಕೀಲರಿಗೆ ಇದನ್ನು ಕೇಳಬೇಕು ಅಂತಲೇ ಹೊಳೆಯುವುದಿಲ್ಲ. ಅರ್ಜಿ ಹಾಕಿದ 180 ದಿನದೊಳಗೆ ಯಾರಾದರೂ ತೀರಿಕೊಂಡು ನಿಮಗೆ ಆಸ್ತಿ ಬಂದರೆ ಅದೂ ಟ್ರಸ್ಟಿಯ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿ ತೀರಾ ವಯಸ್ಸಾದ ಹಿರಿಯರಿದ್ದರೆ ಅರ್ಜಿಯ ಸಮಯವನ್ನೇ ಅದರ ಪ್ರಕಾರ ಯೋಚಿಸುವುದುಂಟು.

ನೆಂಟರ ಸಾಲವನ್ನೂ ಅವಸರದಲ್ಲಿ ತೀರಿಸಬೇಡಿ. ಭಾವಮೈದನಿಂದ ಐದಾರು ಸಾವಿರ ಕೈಸಾಲ ತಂದಿರುತ್ತೀರಿ. ಬ್ಯಾಂಕಿನವರು ಕಾಯಲಿ, ಮೊದಲು ಅವನದು ಕೊಟ್ಟುಬಿಡೋಣ ಅನ್ನಿಸುತ್ತದೆ. ಆದರೆ ಅರ್ಜಿಗೆ ಮುಂಚಿನ ಒಂದು ವರ್ಷದಲ್ಲಿ ಹತ್ತಿರದ ನೆಂಟರಿಗೆ ತೀರಿಸಿದ ಸಾಲವನ್ನು ಟ್ರಸ್ಟಿ ಅವರಿಂದಲೇ ವಸೂಲಿ ಮಾಡಬಹುದು. ಭಾವಮೈದನಿಗೆ ಕೋರ್ಟಿನ ನೋಟಿಸ್ ಹೋದರೆ ಮುಂದಿನ ಮದುವೆ ಮುಂಜಿಯಲ್ಲಿ ಮುಖ ತೋರಿಸುವುದು ಹೇಗೆ?

ಐಆರ್‌ಎ ವಿಷಯದಲ್ಲಿ ಒಳ್ಳೆಯ ಸುದ್ದಿ ಇದೆ. ದಿವಾಳಿಯಲ್ಲಿ ಐಆರ್‌ಎಗೆ ಒಬ್ಬರಿಗೆ 17,11,975 ಡಾಲರ್ ತನಕ ರಕ್ಷಣೆ. ಕೆಲಸದ ಕಂಪನಿ ಮೂಲಕ ಇರುವ ನಿವೃತ್ತಿ ಖಾತೆ 401(ಕೆ)ಗೆ ಮಿತಿಯೇ ಇಲ್ಲ. ನಿಮ್ಮ 1,40,000ವನ್ನು ಯಾರೂ ಮುಟ್ಟುವುದಿಲ್ಲ. ಆದರೆ ಮರ್ಯಾದೆಗೆ ಅಂಜಿ ಅದರಿಂದ 61,000 ತೆಗೆದು ಕಾರ್ಡ್ ತೀರಿಸಿದಿರಿ ಅನ್ನಿ. ಆ ವರ್ಷ ಅಷ್ಟೂ ನಿಮ್ಮ ಆದಾಯವಾಗುತ್ತದೆ. ತೆರಿಗೆ ಬೀಳುತ್ತದೆ, ಸೋಶಿಯಲ್ ಸೆಕ್ಯುರಿಟಿಯ 85 ಪರ್ಸೆಂಟ್ ತನಕ ತೆರಿಗೆಗೆ ಸಿಕ್ಕುತ್ತದೆ. 80 ದಾಟಿದ ಮೇಲೆ ಕೈಯಲ್ಲಿ ಇರಬೇಕಾದ ದುಡ್ಡು ಅದು. ಕಾರ್ಡ್ ಕಂಪನಿಗೆ ಅದನ್ನು ಕೊಡಬೇಡಿ.

ಸೋಶಿಯಲ್ ಸೆಕ್ಯುರಿಟಿಯನ್ನೂ ಕಾರ್ಡಿನವರು ಜಪ್ತಿ ಮಾಡುವ ಹಾಗಿಲ್ಲ. ನೇರವಾಗಿ ಬ್ಯಾಂಕಿಗೆ ಬರುವುದಾದರೆ ಕೊನೆಯ 2 ತಿಂಗಳಲ್ಲಿ ಬಂದ ಮೊತ್ತದಷ್ಟನ್ನು ಬ್ಯಾಂಕು ತಾನಾಗಿಯೇ ಕಾಪಾಡಬೇಕು. ಅದಕ್ಕೊಂದು ಬೇರೆ ಖಾತೆ ಇಡಿ, ಬೇರೆ ಹಣ ಬೆರೆಸಬೇಡಿ. ಚಾಪ್ಟರ್ 7ಕ್ಕೆ ಅರ್ಹರಾ ಅಂತ ನೋಡುವ ಮೀನ್ಸ್ ಟೆಸ್ಟ್‌ನಲ್ಲಿ ಕೂಡ ಈ ಹಣವನ್ನು ಆದಾಯ ಅಂತ ಎಣಿಸುವುದಿಲ್ಲ.

ಈಗ ಸ್ವಲ್ಪ ಕಹಿ ಮಾತು. ನಿಮ್ಮ ಆದಾಯ 5,300. ಮನೆಗೆ 3,300 ಹೋದರೆ ಉಳಿಯುವುದು 2,000. ಕಾರ್ಡಿಗೆ 22 ಪರ್ಸೆಂಟ್ ಬಡ್ಡಿ ಅಂದುಕೊಂಡರೂ ತಿಂಗಳಿಗೆ ಬಡ್ಡಿಯೇ 1,100 ದಾಟುತ್ತದೆ. ಊಟ, ಔಷಧಿ, ಕಾರು, ಕರೆಂಟು ಎಲ್ಲ 900ರಲ್ಲಿ ನಡೆಯಲ್ಲ, ಹಾಗಾಗಿ ಮತ್ತೆ ಕಾರ್ಡ್ ಉಜ್ಜುತ್ತೀರಿ. ಅಂದರೆ ಕಾರ್ಡ್ ಸಾಲ ಬೆಳೆದದ್ದು ಮನೆ ಕಂತಿನಿಂದ. ದಿವಾಳಿಯಲ್ಲಿ ಕಾರ್ಡ್ ಅಳಿಸಿದರೂ ಈ 3,300 ಹಾಗೇ ಇರುತ್ತದೆ. ಚಾಪ್ಟರ್ 7ರಲ್ಲಿ ಒಮ್ಮೆ ಮನ್ನಾ ಆದರೆ ಇನ್ನೊಮ್ಮೆ ಚಾಪ್ಟರ್ 7 ಹಾಕಲು 8 ವರ್ಷ ಕಾಯಬೇಕು. ಹಾಗಾಗಿ ಮನೆ ಉಳಿಯುತ್ತಾ ಅನ್ನುವ ಜೊತೆಗೆ, ಇಬ್ಬರಲ್ಲಿ ಒಬ್ಬರೇ ಉಳಿದು ಒಂದೇ ಸೋಶಿಯಲ್ ಸೆಕ್ಯುರಿಟಿ ಬರುವಾಗ ಈ ಮನೆಯನ್ನು ನಡೆಸಲು ಆಗುತ್ತಾ ಅಂತಲೂ ಕೂತು ಮಾತಾಡಿ. ಆಗಲ್ಲ ಅನ್ನಿಸಿದರೆ ನೀವೇ ಒಳ್ಳೆಯ ಬೆಲೆಗೆ ಮಾರುವುದು ಸೋಲಲ್ಲ.

ಉಳಿಸಿಕೊಳ್ಳುವುದೇ ಆದರೆ ಮನೆ ತೆರಿಗೆ ಇಳಿಸಿ. ನಿಮ್ಮ ಕಂತಿನಲ್ಲಿ ತೆರಿಗೆಯ ಪಾಲು ದೊಡ್ಡದೇ ಇರುತ್ತದೆ. ನ್ಯೂಜೆರ್ಸಿಯಲ್ಲಿ 65 ದಾಟಿದ ಮನೆ ಮಾಲೀಕರಿಗೆ ಸೀನಿಯರ್ ಫ್ರೀಜ್, ಆ್ಯಂಕರ್, ಸ್ಟೇ ಎನ್‌ಜೆ ಅಂತ ಮೂರು ಯೋಜನೆಗಳಿವೆ. ಪಿಎಎಸ್-1 ಅನ್ನುವ ಒಂದೇ ಅರ್ಜಿ ಸಾಕು. ಮೂರೂ ಸೇರಿ ತೆರಿಗೆಯ ಅರ್ಧದಷ್ಟು, ಗರಿಷ್ಠ 6,500 ಡಾಲರ್ ತನಕ ಕೊಡುವಂತೆ ಸ್ಟೇ ಎನ್‌ಜೆ ರೂಪಿಸಿದ್ದಾರೆ. ವರ್ಷಕ್ಕೆ 10,000 ತೆರಿಗೆ ಕಟ್ಟುವವರಿಗೆ ಅದು ತಿಂಗಳಿಗೆ 400ಕ್ಕಿಂತ ಜಾಸ್ತಿ ಆಯಿತು. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ, ಹಾಕಿಲ್ಲ ಅಂತ ಕಾಣುತ್ತದೆ.

ನನ್ನನ್ನು ಕೇಳಿದರೆ ಮೊದಲು ಹಾಸನದ ಸೈಟು ಮಾರಿ. 38 ಲಕ್ಷ ಅಂದರೆ ಡಾಲರಿನಲ್ಲಿ 40,000ದ ಆಚೀಚೆ. ಚಾಪ್ಟರ್ 7ರಲ್ಲಿ ಅದಕ್ಕೆ ವಿನಾಯಿತಿ ಸಿಗುವುದು ಹೆಚ್ಚುಕಮ್ಮಿ ಇಲ್ಲ, ಹೋಗುವುದು ಹೇಗೂ ಹೋಗುತ್ತದೆ. ಚಾಪ್ಟರ್ 13ರಲ್ಲಿ ಸೈಟು ಉಳಿಸಿಕೊಂಡರೂ ಅದರ ಬೆಲೆಯಷ್ಟನ್ನು 5 ವರ್ಷದಲ್ಲಿ ಕಟ್ಟಲೇಬೇಕು. ತಿಂಗಳಿಗೆ 600-700 ಎಲ್ಲಿಂದ ತರುತ್ತೀರಿ? ನೀವೇ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ. ಆದರೆ ಮಾರ್ಕೆಟ್ ಬೆಲೆಗೇ, ಹೊರಗಿನವರಿಗೇ ಮಾರಿ. ಅಣ್ಣನ ಮಗನಿಗೆ ಅರ್ಧ ಬೆಲೆಗೆ ಕೊಟ್ಟರೆ ಮತ್ತೆ ಅದೇ ವರ್ಗಾವಣೆಯ ತಲೆನೋವು. ಇ-ಖಾತೆ ಆಗಿದೆಯಾ ನೋಡಿಕೊಳ್ಳಿ. ಎನ್‌ಆರ್‌ಐ ಮಾರುವಾಗ ಕೊಳ್ಳುವವರು ಟಿಡಿಎಸ್ ಹಿಡಿಯಬೇಕು. ಮೊದಲೇ ಕಮ್ಮಿ ಟಿಡಿಎಸ್ ಸರ್ಟಿಫಿಕೇಟ್ ತೆಗೆದುಕೊಳ್ಳದಿದ್ದರೆ ದೊಡ್ಡ ಮೊತ್ತ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ.

ಆ ಹಣ ಹಿಡಿದು ಕಾರ್ಡ್ ಕಂಪನಿಗಳ ಜೊತೆ ಒಂದೇ ಸಲ ಕೊಟ್ಟು ಮುಗಿಸುವ ಮಾತು ಆಡಬಹುದು. ಕಂತು ಸರಿಯಾಗಿ ಕಟ್ಟುತ್ತಿರುವವರ ಜೊತೆ ಅವರು ಸಾಮಾನ್ಯವಾಗಿ ಚೌಕಾಸಿಗೆ ಬರುವುದಿಲ್ಲ, ಕೆಲವು ತಿಂಗಳು ಬಾಕಿ ಬಿದ್ದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಕ್ರೆಡಿಟ್ ಸ್ಕೋರ್ ಬಿದ್ದಿರುತ್ತದೆ. ಹೊಸ ಸಾಲ ಬೇಕಿಲ್ಲದ ನಿಮಗೆ ಅದು ದೊಡ್ಡ ವಿಷಯವಲ್ಲ. ಬಿಟ್ಟುಕೊಟ್ಟ ಮೊತ್ತವನ್ನು ಮಾತ್ರ ತೆರಿಗೆಯವರು ನಿಮ್ಮ ಆದಾಯ ಅಂತ ಹಿಡಿಯುತ್ತಾರೆ. ಆಸ್ತಿಗಿಂತ ಸಾಲ ಜಾಸ್ತಿ ಇದ್ದವರಿಗೆ ಇದರಲ್ಲಿ ವಿನಾಯಿತಿ ಇದೆ, ಆದರೆ ಐಆರ್‌ಎಯನ್ನೂ ಆಸ್ತಿ ಅಂತ ಎಣಿಸುವುದರಿಂದ ನಿಮಗೆ ಸಿಗುವುದಿಲ್ಲ. ಆ ತೆರಿಗೆಗೆ ಸ್ವಲ್ಪ ಎತ್ತಿಡಿ. ಫೋನಿನಲ್ಲಿ ಗಿರಾಕಿ ಹಿಡಿದು "ನಾವು ಸೆಟಲ್ ಮಾಡಿಸ್ತೀವಿ, ಮೊದಲು ಫೀಸ್ ಕೊಡಿ" ಅನ್ನುವ ಕಂಪನಿಗಳಿಂದ ದೂರ ಇರಿ. ಹಾಗೆ ಮುಂಗಡ ಫೀಸ್ ಕೇಳುವುದನ್ನು 2010ರಲ್ಲೇ ನಿಷೇಧಿಸಿದ್ದಾರೆ. ಯಾವುದಾದರೂ ಬ್ಯಾಂಕು ಒಪ್ಪದೆ ಕೋರ್ಟಿಗೆ ಹೋದರೆ ಚಾಪ್ಟರ್ 13 ಕೈಯಲ್ಲಿ ಇದ್ದೇ ಇದೆ. ಆಗ ಸಾಲವೂ ಕಮ್ಮಿಯಾಗಿರುತ್ತದೆ, ಸೈಟಿನ ತಲೆನೋವೂ ಇರುವುದಿಲ್ಲ.

ಅದಕ್ಕೂ ಮುಂಚೆ, ಈ ವಾರವೇ ಮಾಡಬೇಕಾದದ್ದು ಆಸ್ಪತ್ರೆ ಬಿಲ್ಲಿನ ಕೆಲಸ. ಲಾಭಕ್ಕಲ್ಲದ ಆಸ್ಪತ್ರೆಯಾದರೆ ಅಲ್ಲಿ ಹಣಕಾಸು ನೆರವಿನ ಯೋಜನೆ ಇರಲೇಬೇಕು. ಬಿಡುಗಡೆಯಾದ ಮೇಲೆ ಬಂದ ಮೊದಲ ಬಿಲ್ಲಿನಿಂದ 240 ದಿನದ ತನಕ ಅರ್ಜಿ ಹಾಕಬಹುದು. ಬಿಲ್ಲಿನ ತಾರೀಕು ನೋಡಿ, ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ ಫಾರ್ಮ್ ಕೇಳಿ. ಈ ನಡುವೆ ಯಾವುದೇ ಕಾರ್ಡಿನವರಿಂದ ಕೋರ್ಟಿನ ಸಮನ್ಸ್ ಬಂದರೆ ಡ್ರಾಯರಿಗೆ ಹಾಕಬೇಡಿ. ನ್ಯೂಜೆರ್ಸಿಯಲ್ಲಿ ಉತ್ತರ ಕೊಡಲು 35 ದಿನ ಇರುತ್ತದೆ. ಸುಮ್ಮನಿದ್ದರೆ ತೀರ್ಪು ಅವರ ಕಡೆ ಆಗಿ, ಆ ಸಾಲದ ಹಕ್ಕು ಮನೆ ಮೇಲೆ ಕೂರಬಹುದು. ಅದನ್ನು ಹಿಡಿದುಕೊಂಡೇ ವಕೀಲರ ಹತ್ತಿರ ಹೋಗಿ.